ಇದ್ಲು ಸಾಬರೂ ಕೇರೆಹಾವಿನ ಬಾಯಿಯೂ

ಸತ್ತವರ ವಿಷಯದಲ್ಲಿ ಒಳ್ಳೆಯದನ್ನಷ್ಟೇ ಆಡಬೇಕೆಂಬ ಕಟ್ಟಳೆಯನ್ನು ನಾನು ಒಪ್ಪುವುದಿಲ್ಲ. ಬದುಕಿದ್ದಾಗ ಇದ್ದ ದೋಷಗಳು ಉಸಿರು ನಿಂತ ಕೂಡಲೇ ಯಾವ ದಾರಿಯಿಂದ ಹೊರಟುಹೋಗುತ್ತವೆ? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದ್ಲು ಸಾಬರು ಮೊಂಡರು. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟವರಲ್ಲ. ಎಲೆಯಡಿಕೆ ಉಗುಳುವಾಗ ಎದುರಿಗೆ ಯಾರಿದ್ದಾರೆಂದು ನೋಡುತ್ತಿರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ನನ್ನ ವಾದಕ್ಕೆ ಎದುರುವಾದ ಹೂಡದೆಯೇ ನನ್ನನ್ನು ಸೋಲಿಸುತ್ತಿದ್ದರು. ಇದನ್ನು ದೋಷವೆಂದೇ ಇಂದಿಗೂ ನಾನು ಎಣಿಸುತ್ತೇನೆ. ಆಟದ ನಿಯಮವನ್ನು ಒಪ್ಪದವನು ಆಟ ಗೆಲ್ಲುವುದು ನ್ಯಾಯವಲ್ಲ.

ಅವರು ಹೋದ ಸುದ್ದಿಯನ್ನು ಕಳೆದ ತಿಂಗಳು ಮದ್ದೂರು ರೈಲ್ವೆ ಸ್ಟೇಷನ್ನಿನ ಎದುರು ಅವರ ಬಸ್ಸಿನ ಹಳೆಯ ಡ್ರೈವರು ಹೇಳಿದ.

“ಇದ್ಲು ಸಾಬ್ರು ಓಗ್ಬುಟ್ರು ಕಣಪ್ಪ.”

“ಏನಾಗಿತ್ತು?”

“ಏನಾಗ್ಬೇಕು, ವಯಸ್ಸಾಗಿತ್ತು. ಬಸ್ಸಿನ್ ಕೆಳ್ಗೆ ಮಲ್ಗವ್ರೆ, ರಿಪೇರಿ ಮಾಡ್ತಾವ್ರೆ ಅಂದ್ಕಂಡು ಪ್ಯಾಸೆಂಜರೆಲ್ಲ ಮುಕ್ಕಾಲ್ ಗಂಟೆ ಕಾದವ್ರೆ. ಬೈದವ್ರೆ ಬೇರೆ, ಎಷ್ಟೊತ್ಲಾ ಸಾಬಿ ಅಂತ. ಆಮೇಕೆ ನೋಡುದ್ರೆ ಇಂಗೆ.”

ಅವನು ನಗಲೂ ಇಲ್ಲ, ಅಳಲೂ ಇಲ್ಲ. ನಾನೂ ಅಷ್ಟೆ.

ಅವರ ನಿಜವಾದ ಹೆಸರು ಬೇರೆ. ಅದನ್ನು ಇಲ್ಲಿ ಬರೆದರೆ ಮಳವಳ್ಳಿಯವರಿಗೇ ಯಾರೆಂದು ತಿಳಿಯಲಿಕ್ಕಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು, ಬಸ್ಸುಗಳೆಲ್ಲ ಬೆನ್ನಿಗೊಂದು ಕಬ್ಬಿಣದ ಪೀಪಾಯಿ ಕಟ್ಟಿಕೊಂಡು ಇದ್ದಲ ಅನಿಲದಲ್ಲಿ ಓಡುತ್ತಿದ್ದವಲ್ಲ, ಆಗ ನಮ್ಮೂರಿನ ಬಸ್ಸಿನ ಆ ಪೀಪಾಯಿಯ ಮರ್ಜಿ ತಿಳಿದಿದ್ದ ಮೆಕ್ಯಾನಿಕ್ಕು ಇವರೊಬ್ಬರೇ. ಬಸ್ಸು ಬೆಳಿಗ್ಗೆ ಮದ್ದೂರಿಗೆ ಹೋಗಿ ಬರುವುದು, ಮಧ್ಯಾಹ್ನ ಬೆಳಕವಾಡಿಗೆ ಹೋಗಿ ಬರುವುದು. ಇವರು ಹಿಂದುಗಡೆ ಪೀಪಾಯಿಯ ಪಕ್ಕ ನಿಂತೇ ಪ್ರಯಾಣ ಮಾಡುವುದು. ಅವರ ಖಾಕಿ ಕೋಟಿನ ತೋಳಿನಲ್ಲಿ ಕಿಡಿ ಹಾರಿ ಬಿದ್ದ ತೂತುಗಳು ಎಷ್ಟಿದ್ದವೆಂದರೆ ಜರಡಿ ಎನ್ನಬಹುದಿತ್ತು.

ಇದ್ದಲನ್ನು ಅವರು ಕಣ್ಣಿನಿಂದ ಆರಿಸುತ್ತಿರಲಿಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟುತ್ತಿದ್ದರು. ಕಂಚಿನ ಹಾಗೆ ಕಿಣಿ ಎಂದರೆ ಪೀಪಾಯಿಗೆ. ದಪ್ಪಗೆ ಸದ್ದು ಬಂದರೆ “ಇದಿನ್ನೂ ಮರ” ಎಂದು ಬದಿಗೆ ಎಸೆಯುವುದು. ಎಂಜಿನ್ನಿನ ಕಾಯಿಲೆಯನ್ನೂ ಹಾಗೆಯೇ ಹಿಡಿಯುತ್ತಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಆಲಿಸುವುದು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿದರೆ ಕಣ್ಣು ಬಿಡದೆಯೇ ಎಡಗೈ ಎತ್ತುತ್ತಿದ್ದರು. ನನ್ನ ಎಷ್ಟೋ ವಾಕ್ಯಗಳು ಆ ಕೈಯೆದುರು ಅರ್ಧಕ್ಕೇ ನಿಂತಿವೆ.

ಚಳವಳಿಯಿಂದಾಗಿ ಮೈಸೂರಿನ ನಮ್ಮ ಕಾಲೇಜಿಗೆ ಬೀಗ ಬಿದ್ದು ನಾನು ಊರಿಗೆ ಬಂದು ಕೂತಿದ್ದ ವರ್ಷ ಅದು. ಚರ್ಚಾಸಂಘದಲ್ಲಿ ಎರಡು ವರ್ಷ ಪಳಗಿದ್ದೆ. ಯಾವ ಪಕ್ಷ ಕೊಟ್ಟರೂ ಗೆಲ್ಲಿಸುತ್ತಿದ್ದೆ. ಮಳವಳ್ಳಿಯಲ್ಲಿ ನನಗೆ ಎದುರುಪಕ್ಷವೇ ಸಿಗುತ್ತಿರಲಿಲ್ಲ. ಬಸ್ಸಿನ ಶೆಡ್ಡಿಗೆ ಹೋದರೆ ನಾಲ್ಕು ಜನ ಇರುತ್ತಿದ್ದರು, ಅದಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಶುಕ್ರವಾರ ಮಸೀದಿಯಿಂದ ಬಂದ ಸಾಬರನ್ನು ಒಂದು ದಿನ ಹಿಡಿದುಕೊಂಡೆ.

“ಸಾಬರೆ, ದೇವರು ಇದ್ದಾನೆ ಅನ್ನುವುದಕ್ಕೆ ಏನು ಆಧಾರ?”

“ಇದ್ದಾನೆ ಅಂತ ನಾನು ನಿಮ್ಗೆ ಯಾವಾಗ್ ಹೇಳ್ದೆ?”

“ನೀವು ನಮಾಜು ಮಾಡುತ್ತೀರಲ್ಲ.”

“ನಿಮ್ ಹತ್ರ ಮಾಡ್ಲಿಲ್ವಲ್ಲ.”

ಇಷ್ಟೇ. ವಾದದ ಹಕ್ಕಿಯನ್ನು ಹಾರುವ ಮೊದಲೇ ಹೀಗೆ ಕುತ್ತಿಗೆ ಹಿಸುಕಿ ಕೆಳಗಿಡುವ ವಿದ್ಯೆ ಅವರಿಗಿತ್ತು.

ಹಾವು ಬಂದದ್ದು ಭಾದ್ರಪದದ ಕೊನೆಯ ಭಾಗದಲ್ಲಿ. ಬೆಳಕವಾಡಿಯಲ್ಲಿ ಬಸ್ಸು ನೀರಿಗೆಂದು ನಿಂತಾಗ, ರಸ್ತೆಯ ಪಕ್ಕದ ಒಬ್ಬ ಗೌಡರ ಕೊಟ್ಟಿಗೆಯ ಮುಂದೆ ಗಲಾಟೆಯಂತೆ. ಆರಡಿ ಉದ್ದದ ಕೇರೆಹಾವನ್ನು ಗೌಡರು ಒನಕೆಯಿಂದ ಜಜ್ಜುತ್ತಿದ್ದರಂತೆ. ಹಸು ಹಾಲು ಇಳಿಸುತ್ತಿಲ್ಲ, ಮೊಲೆಯಲ್ಲಿ ಗೀರುಗಾಯ; ಕೇರೆ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬುದು ನಮ್ಮ ಸೀಮೆಯ ಮಗುವಿಗೂ ಗೊತ್ತಿರುವ ಸಂಗತಿ. ಸಾಬರು ಹೋಗಿ ಇದ್ದಲ ಗೋಣಿಯನ್ನು ಹಾವಿನ ಮೇಲೆ ಎಸೆದು, ಅದನ್ನು ಒಳಗೆ ಸೇರಿಸಿ ಗೋಣಿಯ ಬಾಯಿ ಕಟ್ಟಿ, ಹೆಗಲ ಮೇಲೆ ಹಾಕಿಕೊಂಡು ಬಂದರು. ಡ್ರೈವರು ಬಸ್ಸಿನಿಂದ ಕೆಳಗೆ ಇಳಿದುಬಿಟ್ಟ.

“ಇದ್ನ ಅತ್ಸುದ್ರೆ ನಾ ಓಡ್ಸಕಿಲ್ಲ ಕಣ್ ಸಾಬ್ರೆ.”

“ಬ್ಯಾಡ ಬುಡು. ನಾನೇ ಓಡ್ಸ್ತೀನಿ. ನೀನು ಪೀಪಾಯಿ ನೋಡ್ಕೊ.”

ಪೀಪಾಯಿಗಿಂತ ಹಾವೇ ವಾಸಿ ಎನಿಸಿ ಡ್ರೈವರು ಮತ್ತೆ ಹತ್ತಿದ. ಈ ಭಾಗವನ್ನು ಅವನೇ ನನಗೆ ಹೇಳಿದ್ದು.

ನಾನು ನೋಡಿದಾಗ ಹಾವು ಶೆಡ್ಡಿನ ಮೂಲೆಯಲ್ಲಿ ಮುಚ್ಚಳದ ಬಿದಿರುಬುಟ್ಟಿಯಲ್ಲಿತ್ತು. ಒಳಗೆಲ್ಲ ಹಳೆಯ ಪಂಚೆಯ ಹಾಸು. ಪಕ್ಕದಲ್ಲಿ ತಂತಿಬಲೆಯ ಪೆಟ್ಟಿಗೆಯೊಂದು ಖಾಲಿಯೇ ಇದ್ದರೂ ಅದರಲ್ಲಿ ಇಟ್ಟಿರಲಿಲ್ಲ. “ಬಲೇಲಿ ಇಟ್ರೆ ಹೊರಕ್ ಹೋಗೋಕೆ ಮೂತಿ ತಿಕ್ಕುತ್ತೆ. ಇರೋ ಚರ್ಮಾನೂ ಹೋಗ್ತದೆ.” ಮೂಗಿನ ತುದಿಯ ಹುರುಪೆ ಆಗಲೇ ಸುಲಿದಿತ್ತು. ಕೆಳದವಡೆ ಬಲಗಡೆ ಸೀಳಿತ್ತು, ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಒಸಡಿನುದ್ದಕ್ಕೂ ಹಳದಿ ಕೀವು, ಗಿಣ್ಣಿನ ಹಾಗೆ ಗಟ್ಟಿಯಾಗಿ, ತುಂಬಿಕೊಂಡಿತು.

“ಹಾವಿನ ವೈದ್ಯ ಎಲ್ಲಿ ಕಲಿತಿರಿ?”

“ಹಾವಿನದು ಯಾರಿಗ್ ಗೊತ್ತು? ಚಿಕ್ಕಂದ್ರಲ್ಲಿ ಕುದ್ರೆ ಬಾಯಿ ತೊಳೀತಿದ್ದೆ. ಇದು ಸಣ್ ಬಾಯಿ.”

ಮೂರು ದಿನಕ್ಕೊಮ್ಮೆ ತೊಳೆಯುವುದು. ಬಾವಿಗೆ ಹಾಕುವ ಕೆನ್ನೀಲಿ ಪುಡಿಯ ಒಂದೇ ಕಣವನ್ನು ಲೋಟ ಬೆಚ್ಚನೆ ನೀರಿಗೆ ಹಾಕಿ, ನೀರು ತಿಳಿ ಗುಲಾಬಿಯಾದರೆ ಸರಿ, ಕೆಂಪಾದರೆ ಚೆಲ್ಲಿ ಮತ್ತೆ ಮಾಡುವುದು. ನಾನು ಹಾವಿನ ಮೈಯನ್ನು ಹಿಡಿದುಕೊಳ್ಳುತ್ತಿದ್ದೆ. ಅವರು ಕುತ್ತಿಗೆ ಹಿಡಿದು, ಹತ್ತಿ ಸುತ್ತಿದ ಬಿದಿರ ಸಿಬಿರನ್ನು ಬಾಯಿಯ ಅಂಚಿಗೆ ತಾಗಿಸುತ್ತಿದ್ದರು. ಹಾವು ತಾನೇ ಬಾಯಿ ತೆರೆಯುವವರೆಗೂ ಕಾಯುತ್ತಿದ್ದರು. ತಲೆ ಕೆಳಮುಖ, ನೀರು ಉಸಿರುಗೊಳವೆಗೆ ಇಳಿಯಬಾರದು. ಸಡಿಲವಾದ ಕೀವನ್ನಷ್ಟೇ ತೆಗೆಯುವುದು. ಅಂಟಿಕೊಂಡಿದ್ದರೆ ಮುಟ್ಟುವಂತಿಲ್ಲ. ತಮ್ಮ ಬಾಯೊಳಗೇ ಏಕ್, ದೋ ಎಂದು ಎಣಿಸುತ್ತ, ಇಪ್ಪತ್ತಾದ ಕೂಡಲೇ ಬಿಟ್ಟುಬಿಡುವುದು, ಕೆಲಸ ಮುಗಿದಿರಲಿ, ಬಿಡಲಿ. ಆಮೇಲೆ ಮೂತಿಗೆ ಒಂದು ತೊಟ್ಟು ಕೊಬ್ಬರಿಯೆಣ್ಣೆ.

ಆದರೆ ಅವರ ಮುಖ್ಯ ಔಷಧ ಬೇರೆಯಿತ್ತು. ಬಸ್ಸು ಸಂಜೆ ಬಂದು ನಿಂತ ಮೇಲೆ ಇದ್ದಲ ಪೀಪಾಯಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬುಟ್ಟಿಯನ್ನು ಒಯ್ದು ಅದರ ಪಕ್ಕ ಇಡುವುದು. ಎಷ್ಟು ಹತ್ತಿರ ಎಂಬುದನ್ನು ಮುಂಗೈ ಹಿಂಭಾಗದಿಂದ ಅಳೆಯುವುದು, ತಾಯಂದಿರು ಮಗುವಿನ ಹಾಲಿನ ಬಿಸಿ ನೋಡುವಂತೆ. “ಇದ್ರ ಮೈಯಲ್ಲಿ ಒಲೆ ಇಲ್ಲ. ಹೊರಗಿನ್ ಬಿಸಿ ಸಿಕ್ಕಿದ್ರೇ ಗಾಯ ಕೂಡೋದು. ಮಾಗಿ ಚಳಿ ಬರೋದ್ರೊಳ್ಗೆ ಬಾಯಿ ವಾಸಿಯಾಗಿ ತಾನಾಗ್ ತಾನು ಇಲಿ ತಿಂತು ಅಂದ್ರೆ ಉಳೀತದೆ. ತಿನ್ನಲಿಲ್ಲ, ಇಲ್ಲ.” ಇಷ್ಟು ಉದ್ದ ಅವರು ಮಾತಾಡಿದ್ದು ಅಪರೂಪ. ಒಂದು ಹಾವು ಇಲಿ ತಿನ್ನುವುದು, ತಿನ್ನದಿರುವುದು ಆ ಮನುಷ್ಯನಿಗೆ ಎಷ್ಟು ಮುಖ್ಯವಾಗಿಹೋಗಿದೆಯೆಂದು ನನಗೆ ಆಗಲೇ ಗೊತ್ತಾಯಿತು. ನಾನು ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳುವಂತಿಲ್ಲ.

ಒಂದು ತಿಂಗಳಾಯಿತು. ಕೀವು ಇಳಿಯಿತು. ದವಡೆಯ ಸೀಳಿನ ಮೇಲೆ ಕಂದು ಹೆಪ್ಪು ಕಟ್ಟಿತು. ಇನ್ನು ಹತ್ತು ದಿನ ಬಾಯಿಯನ್ನು ಯಾರೂ ಮುಟ್ಟಬಾರದೆಂದು ಸಾಬರು ಅಪ್ಪಣೆ ಮಾಡಿದರು.

ಸಂತೆಯ ದಿನ ಬೆಳಕವಾಡಿಯ ಗೌಡರು ಮಳವಳ್ಳಿಗೆ ಬಂದವರು ಶೆಡ್ಡಿನ ಮುಂದೆ ನಿಂತರು. ಬಸ್ಸು ಮದ್ದೂರಿನಲ್ಲಿ ಕೆಟ್ಟು ಸಾಬರು ಅಲ್ಲೇ ಉಳಿದಿದ್ದರು. ಶೆಡ್ಡಿನಲ್ಲಿ ನಾನೂ, ಬಸ್ಸಿಗೆ ಕಾದಿದ್ದ ಆರೇಳು ಜನರೂ.

“ಎಲ್ಲವ್ನೆ ನಿಮ್ ಸಾಬಿ? ಆಲು ಕದ್ದ ಆವ್ಗೆ ಬಾಣಂತನ ಮಾಡ್ತಾವ್ನಂತೆ?”

“ಗೌಡರೆ, ಹಾವು ಹಾಲು ಕುಡಿಯುವುದಿಲ್ಲ.”

“ನೀ ನೋಡಿದ್ದೀಯಾ, ಕುಡಿಯಕಿಲ್ಲ ಅಂತ?”

“ಕುಡಿಯುವುದನ್ನು ನೀವು ನೋಡಿದ್ದೀರಾ?”

“ನಮ್ಮಪ್ಪ ನೋಡವ್ನೆ ಕಣ್ಲಾ!”

ಜನ ನಕ್ಕರು. ಚರ್ಚಾಸಂಘದಲ್ಲಾಗಿದ್ದರೆ ಇದು ಕೇಳಿದ ಮಾತು, ಸಾಕ್ಷಿಯಲ್ಲ ಎಂದು ತಳ್ಳಿಹಾಕುತ್ತಿದ್ದೆ. ಇಲ್ಲಿ ಅಧ್ಯಕ್ಷರಿಲ್ಲ, ಗಂಟೆಯಿಲ್ಲ. ನನ್ನ ಬಳಿ ಅದಕ್ಕಿಂತ ದೊಡ್ಡ ಅಸ್ತ್ರ ಬುಟ್ಟಿಯಲ್ಲಿತ್ತು. ಬಾಯಿ ತೊಳೆಯುವಾಗ ನಾನು ಆ ಹಲ್ಲುಗಳನ್ನು ನೋಡಿದ್ದೆ: ಸೂಜಿಯ ಮೊನೆಯಂಥವು, ಸಾಲಾಗಿ, ಎಲ್ಲವೂ ಗಂಟಲ ಕಡೆಗೆ ಬಾಗಿದವು. ಅಂಥ ಬಾಯಿ ಮೊಲೆಯನ್ನು ಹಿಡಿದರೆ ಹಸು ನಿಲ್ಲುತ್ತದೆಯೆ? ಅದು ಒದ್ದ ಒದೆತಕ್ಕೆ ಕೊಟ್ಟಿಗೆಯ ಕಂಬ ಉಳಿಯುತ್ತದೆಯೆ? ಚೀಪುವುದಕ್ಕೆ ತುಟಿ ಎಲ್ಲಿದೆ? ಇಷ್ಟನ್ನು ಹೇಳಿ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸಾಕ್ಷಿಯನ್ನು ಕಟಕಟೆಗೆ ಕರೆಯುವ ಚಪಲ ನನಗೆ. ಬುಟ್ಟಿ ತೆರೆದೆ, ಕುತ್ತಿಗೆ ಹಿಡಿದೆ, ಸಿಬಿರು ತೂರಿಸಿದೆ. ಅದಾಗಿ ತೆರೆಯುವವರೆಗೆ ಕಾಯಲಿಲ್ಲ. ಎಣಿಸಲೂ ಇಲ್ಲ. ಒಬ್ಬೊಬ್ಬರೂ ಬಗ್ಗಿ ನೋಡಬೇಕಲ್ಲ. ಕೆಲವರು ಎರಡೆರಡು ಸಲ ನೋಡಿದರು.

ಗೌಡರು ಕೊನೆಯಲ್ಲಿ, ಸಾವಕಾಶವಾಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಐ, ಅಲ್ಲು ಅವೆ ಕಣ್ರಪ್ಪೊ! ಸೂಜಿ ಸೂಜಿ ತರ ಅವೆ. ನಾ ಏನಂದೆ ಮತ್ತೆ? ಅದ್ಕೇಯ ನಮ್ ಅಸಿನ್ ಮೊಲೆಯೆಲ್ಲ ಗೀರಿರಾದು! ಒಳ್ಳೇದಾಯ್ತು ಬುಡಪ್ಪ, ನೀನೇ ತೋರುಸ್ದೆ.”

ಆರೇಳು ಜನವೂ ತಲೆಯಾಡಿಸಿದರು. ನಾನು ನಾಲ್ಕು ನಿಮಿಷ ಮಾತಾಡಿದೆ. ಈಗ ನೆನೆದರೆ ಅದು ನನ್ನ ಒಳ್ಳೆಯ ಭಾಷಣಗಳಲ್ಲೊಂದು. ಯಾರೂ ಕೇಳಲಿಲ್ಲ. ಕೈಗೆ ತಣ್ಣಗೆ ಏನೋ ತಾಗಿತೆಂದು ನೋಡಿದರೆ, ದವಡೆಯ ಹೆಪ್ಪು ಒಡೆದು ರಕ್ತ ನನ್ನ ಮಣಿಕಟ್ಟಿಗೆ ಇಳಿದಿತ್ತು.

ಸಾಬರು ಮಾರನೆಯ ದಿನ ಬಂದರು. ನಾನೇ ಹೇಳಿದೆ. ಬೈದರೆ ಉತ್ತರ ಕೊಡಲು ಸಿದ್ಧನಾಗಿಯೇ ಹೋಗಿದ್ದೆ. ಅವರು ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಎಷ್ಟೊತ್ತು ತೆಗೆದಿದ್ರಿ ಬಾಯಿ?”

“ಹತ್ತು ನಿಮಿಷ ಇರಬಹುದು.”

“ಗೆದ್ರಾ?”

“ಇಲ್ಲ.”

“ಹೂಂ. ಬಿಸಿನೀರು ತನ್ನಿ.”

ಮತ್ತೆ ಮೊದಲಿನಿಂದ. ಈ ಸಲ ಮೊದಲಿಗಿಂತ ಕೆಟ್ಟಿತು. ಕೀವು ಒಸಡನ್ನು ದಾಟಿ ಎಲುಬಿಗೆ ಇಳಿಯಿತು. ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಂಡವು. ಸಾಬರು ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಹಾವಿನ ಪಕ್ಕೆಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದರು. ಇದೇನು ಬೂಟಾಟಿಕೆ ಎನ್ನಬೇಕೆಂದಿದ್ದೆ. ಅವರು ಕಣ್ಣು ಬಿಡದೆ ಹಿಡಿಯನ್ನು ನನ್ನ ಕಡೆಗೆ ನೀಡಿದರು. ಆಲಿಸಿದೆ. ಒಣಗಿದ ಎಲೆಯನ್ನು ಮೆಲ್ಲಗೆ ಹಿಸುಕಿದಂತೆ ಸದ್ದು. “ಎದೇಲಿ ನೀರು,” ಎಂದರು. ಅಂದಿನಿಂದ ಬುಟ್ಟಿಯನ್ನು ಪೀಪಾಯಿಗೆ ಇನ್ನೂ ಹತ್ತಿರ ಸರಿಸಿದರು. ಬಸ್ಸು ಓಡದ ದಿನ ನಮ್ಮ ಮನೆಯ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, ನಾನು ಒಯ್ಯುತ್ತಿದ್ದೆ. ತನ್ನಿ ಎಂದು ಅವರು ಹೇಳಿರಲಿಲ್ಲ. ಒಯ್ದದ್ದಕ್ಕೆ ಶಹಬಾಸ್ ಎಂದವರೂ ಅಲ್ಲ.

ಒಂದು ಸಂಜೆ ದವಡೆಯಿಂದ ಎರಡು ಹಲ್ಲುಗಳ ಸಮೇತ ಎಲುಬಿನ ಚೂರೊಂದು ಸಡಿಲವಾಗಿ ಬಂತು. ಅದನ್ನು ಚಿಮಟದಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಕ್ಕಿಕಾಳಿನಷ್ಟಿತ್ತು. ಏನಾದರೂ ಹೇಳುತ್ತಾರೆಂದು ಕಾದೆ. “ಇದು ಹೋದ್ರೆ ವಾಸಿ ಆಗ್ತದೆ,” ಎಂದು ಹತ್ತಿ ಹೊಸದು ಸುತ್ತತೊಡಗಿದರು.

ಈ ನಡುವೆ ಒಂದು ಮಧ್ಯಾಹ್ನ ಅವರೊಂದಿಗೆ ಬೆಳಕವಾಡಿಗೆ ಹೋಗಿದ್ದೆ. ಡ್ರೈವರು ನೀರು ತುಂಬುವಾಗ ಸಾಬರು ಗೌಡರ ಕೊಟ್ಟಿಗೆಯ ಕಡೆ ನಡೆದರು. ಹಸುವಿನ ಪಕ್ಕದಲ್ಲೇ ಕರು. ಹಾಲು ಬಿಡಿಸುವುದಕ್ಕೆ ನಮ್ಮ ಕಡೆ ಎಲ್ಲರೂ ಮಾಡುವಂತೆ, ಅದರ ಮೂತಿಯ ಮೇಲೆ ಜಾಲಿಮುಳ್ಳಿನ ಪಟ್ಟಿ ಕಟ್ಟಿತ್ತು. ಕರು ಬಾಯಿ ಹಾಕಿದರೆ ಮುಳ್ಳು ಚುಚ್ಚಿ ತಾಯಿ ಒದೆಯಬೇಕು, ಕರು ಹಾಲು ಮರೆಯಬೇಕು. ಆದರೆ ಆ ಹಸು ಸಾಧು. ಒದೆಯದೆ ನಿಂತಿತ್ತು, ಕರು ಚೀಪುತ್ತಲೇ ಇತ್ತು. ಮೊಲೆಯ ಮೇಲೆ ಗೀರು, ಗೀರಿನ ಮೇಲೆ ಗೀರು. ಇಡೀ ಊರು ಹಾವಿನ ಹಲ್ಲು ಹುಡುಕಿತ್ತು, ಕರುವಿನ ಮೂತಿಯನ್ನು ಯಾರೂ ನೋಡಿರಲಿಲ್ಲ. ನಿಜ ಹೇಳುವುದಾದರೆ, ಹಾವಿನ ಬಾಯಿ ಬಿಡಿಸಿ ತೋರಿಸಿದ ನಾನೂ.

“ಗೌಡ್ರೆ, ಕರೂನ ಆ ಕಡೆ ಕಂಬಕ್ಕೆ ಕಟ್ಟಿ ನೋಡಿ, ಎಂಟ್ ದಿನ,” ಎಂದರು ಸಾಬರು.

“ಯಾಕೆ?”

“ಸುಮ್ನೆ.”

ಗೌಡರು ಸಾಬರನ್ನು ನೋಡಿದರು, ಕರುವನ್ನು ನೋಡಿದರು, ಮುಳ್ಳನ್ನು ನೋಡಿದರು. ಮುಖ ಸ್ವಲ್ಪ ಕೆಂಪಾಯಿತು. ಬಾಯಿ ತೆರೆಯಬೇಕೆಂದಿದ್ದ ನನ್ನ ಮೊಣಕೈಯನ್ನು ಸಾಬರು ಹಿಡಿದುಕೊಂಡರು. ಬಸ್ಸಿನವರೆಗೂ ಬಿಡಲಿಲ್ಲ.

“ಎಲ್ಲರ ಮುಂದೆ ಹೇಳಬಹುದಿತ್ತಲ್ಲ! ಅವರು ಹಾವನ್ನು ಜಜ್ಜಿದ್ದು ಸುಳ್ಳಿಗೆ ಅಂತ ಈಗ ರುಜುವಾತಾಯಿತಲ್ಲ!”

“ರುಜುವಾತಾದ್ರೆ ಅಸ ಆಲು ಕೊಡ್ತದಾ?” ಎಂದವನು ಡ್ರೈವರು. ಸಾಬರು ಆಗಲೇ ಪೀಪಾಯಿಯ ಪಕ್ಕ ಹೋಗಿ ನಿಂತಿದ್ದರು. ಎರಡು ವಾರದ ಮೇಲೆ ಹಸುವಿಗೆ ವಾಸಿಯಾಯಿತು. ಗೌಡರು ಹಾವಿನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಬಸ್ಸು ನಿಂತಾಗ ಸಾಬರಿಗೆಂದು ಒಂದು ಲೋಟ ಮಜ್ಜಿಗೆ ಮಾತ್ರ ಬರತೊಡಗಿತು. ಇದನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿಯಬಹುದೆ? ಚರ್ಚಾಸಂಘದ ನಿಯಮದಲ್ಲಿ ಹಿಡಿಯಲಾಗದು.

ಕಾರ್ತಿಕ ಕಳೆಯಿತು. ಬೆಳಗಿನ ಹೊತ್ತು ಕಂಬಳಿ ಬೇಕಾಗುವಷ್ಟು ಚಳಿ. ಹಾವಿನ ಬಾಯಿ ಸೊಟ್ಟಗಾಗಿಯೇ ಕೂಡಿಕೊಂಡಿತು, ಕೀವು ನಿಂತಿತು, ಎದೆಯ ಸದ್ದು ಅಡಗಿತು. ಆದರೆ ತಿನ್ನಲಿಲ್ಲ. ಶೆಡ್ಡಿನಲ್ಲಿ ಬೋನಿಗೆ ಬಿದ್ದ ಇಲಿಯನ್ನು ಸಾಬರು ಕೊಂದೇ ಬುಟ್ಟಿಯಲ್ಲಿಡುತ್ತಿದ್ದರು. ಜೀವಂತ ಇಟ್ಟರೆ ಇಲಿ ತಿರುಗಿ ಬಿದ್ದು ಮೂತಿ ಕಚ್ಚುತ್ತದೆ, ಮತ್ತೆ ಗಾಯ. ನಾಲ್ಕು ಸಲ ಇಟ್ಟರು. ನಾಲ್ಕು ಸಲವೂ ಮಾರನೆಯ ದಿನ ಉಬ್ಬಿದ ಇಲಿಯನ್ನು ಬಾಲ ಹಿಡಿದು ಹೊರಗೆ ಎಸೆದರು. ಹಾವಿನ ಬೆನ್ನೆಲುಬು ಚರ್ಮದ ಕೆಳಗೆ ಏಣಿಯಂತೆ ಕಾಣುತ್ತಿತ್ತು. ಆ ದಿನಗಳಲ್ಲಿ ಸಾಬರು ಇದ್ದಲು ತಟ್ಟುವಾಗಲೂ ಒಳ್ಳೆಯ ತುಂಡನ್ನೇ ಬದಿಗೆ ಎಸೆಯುವುದನ್ನು ಎರಡು ಸಲ ಕಂಡೆ. ನಾನು ಎತ್ತಿ ಮತ್ತೆ ಚೀಲಕ್ಕೆ ಹಾಕಿದೆ. ಅವರು ನೋಡಿ, ಮುಂದಿನ ತುಂಡನ್ನು ಎತ್ತಿಕೊಂಡರು.

ಕಾಲೇಜು ತೆರೆಯುತ್ತದೆಂದು ಕಾಗದ ಬಂತು. ಹೊರಡುವ ಹಿಂದಿನ ದಿನ ಸಂಜೆ ಶೆಡ್ಡಿಗೆ ಹೋದೆ. ಸಾಬರು ಬಾಗಿಲಲ್ಲೇ ನನ್ನನ್ನು ತಡೆದು, ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಕಲ್ಲಿನ ಮೇಲೆ ಕೂರಿಸಿದರು. ತಾವೂ ಕೂತರು. ಬುಟ್ಟಿ ಪೀಪಾಯಿಯ ಪಕ್ಕ ಇತ್ತು, ಮುಚ್ಚಳ ಹಾಕಿತ್ತು.

“ತಿಂತು,” ಎಂದರು.

“ನೀವು ನೋಡಿದಿರಾ?”

“ಸಂದೀಲಿ ನೋಡ್ದೆ. ಸೊಟ್ಟ ಬಾಯಲ್ವಾ, ಬಹಳ ಹೊತ್ತು ಹಿಡೀತು. ಎರಡ್ ಸಲ ಬಿಡ್ತು. ಆಮೇಲೆ ನುಂಗ್ತು.”

ಒಳಗೆ ಹೋಗಿ ಬುಟ್ಟಿಯ ಮುಂದೆ ನಿಂತೆ. ಅವರೂ ಬಂದು ಮುಚ್ಚಳದ ಮೇಲೆ ಕೈಯಿಟ್ಟರು.

“ನೋಡ್ತೀರಾ? ಹೊಟ್ಟೇಲಿ ಗಡ್ಡೆ ಇರ್ತದೆ, ನಿಮ್ಗೆ ರುಜುವಾತು. ಆದ್ರೆ ಈಗ್ ತಾನೆ ನುಂಗಿದೆ. ಬೆದರಿದ್ರೆ ಕಕ್ಕಿದ್ರೂ ಕಕ್ಕೀತು. ಕಕ್ಕಲಿಲ್ಲಾಂದ್ರೆ ಇಲ್ಲ. ನಿಮ್ಮಿಷ್ಟ.”

ಅವರು ನನ್ನನ್ನು ತಮಾಷೆ ಮಾಡುತ್ತಿರಲಿಲ್ಲ. ಮುಚ್ಚಳ ತೆಗೆಯಿರಿ ಎಂದಿದ್ದರೆ ತೆಗೆಯುತ್ತಿದ್ದರು. ಬಿದಿರಿನ ಸಂದಿಯಲ್ಲಿ ಕಂದುಬಣ್ಣದ ಮೈಯ ಒಂದು ತುಣುಕು ಕಾಣುತ್ತಿತ್ತು. ಅದು ಉಸಿರಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಅಷ್ಟರಿಂದ ಏನೂ ರುಜುವಾತಾಗುವುದಿಲ್ಲ.

“ಬೇಡ,” ಎಂದೆ.

ಸಾಬರು ಮುಚ್ಚಳದ ಮೇಲಿಂದ ಕೈ ತೆಗೆದು, ಮೂಲೆಯಲ್ಲಿದ್ದ ಗೋಣಿಯನ್ನು ತಂದರು. ಒಂದು ತುದಿಯನ್ನು ನನಗೆ ಕೊಟ್ಟರು. ಇಬ್ಬರೂ ಸೇರಿ, ಸದ್ದಾಗದ ಹಾಗೆ, ಬುಟ್ಟಿಗೆ ಹೊದಿಸಿದೆವು.